ಅಳಿಲೂ ಕೋತಿಯೂ

ಸೇತುವೆ ಕಟ್ಟುವ ಕಾಲದಲ್ಲಿ ಕಪಿಸೇನೆ ಬಂಡೆಗಳನ್ನು ಹೊತ್ತು ತರುತ್ತಿದ್ದರೆ, ಪುಟ್ಟ ಅಳಿಲೊಂದು ಮರಳಿನಲ್ಲಿ ಹೊರಳಿ, ಮೈಗಂಟಿದ ಮರಳನ್ನು ಅಲ್ಲಿ ಕೊಡವುತ್ತಿತ್ತಂತೆ. ಶ್ರೀರಾಮನು ಮೆಚ್ಚಿ ಬೆನ್ನು ಸವರಿದ ಗುರುತೇ ಅದರ ಮೂರು ಪಟ್ಟೆಗಳೆಂದು ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುವುದುಂಟು. ಆ ಎರಡು ಜೀವಿಗಳೂ ಶಿವಮೊಗ್ಗ, ಭದ್ರಾವತಿಗಳ ಜನರಿಗೆ ಇಂದಿಗೂ ನೆರೆಹೊರೆಯವೇ. ಹಿತ್ತಲಿನ ಸೀಬೆಯ ಮರಕ್ಕೆ ಬೆಳಿಗ್ಗೆ ಅಳಿಲು ಬಂದರೆ ಮಧ್ಯಾಹ್ನ ಕೋತಿಗಳ ಹಿಂಡು ಬಂದೀತು.

ಮರವೊಂದೇ ಆದರೂ ಬಾಳುವ ಬಗೆ ಬೇರೆ. ಅಳಿಲಿನ ಬಂಡವಾಳ ಹಲ್ಲು. ಮೇಲೆರಡು, ಕೆಳಗೆರಡು ಬಾಚಿಹಲ್ಲುಗಳು ಜೀವವಿರುವವರೆಗೂ ಬೆಳೆಯುತ್ತಲೇ ಇರುತ್ತವೆ; ಕಡಿದು ಕಡಿದು ಅವನ್ನು ಸವೆಸಲೇಬೇಕು. ಕೋತಿಯ ಬಂಡವಾಳ ಕೈ. ಆ ಕೈ ಕಡಲೆಕಾಯಿಯನ್ನು ಸುಲಿಯುತ್ತದೆ. ಸಮಯ ಸಿಕ್ಕರೆ ಅಡಿಗೆಮನೆಯ ಡಬ್ಬದ ಮುಚ್ಚಳವನ್ನೂ ತೆಗೆಯುತ್ತದೆ!

ದಕ್ಷಿಣ ಅಮೆರಿಕದ ಕಪುಚಿನ್ ಕೋತಿ ಇನ್ನೂ ಒಂದು ಹೆಜ್ಜೆ ಮುಂದೆ. ಬ್ರೆಜಿಲ್ ದೇಶದ ಕೆಲವೆಡೆ ಅದು ಗಟ್ಟಿಯಾದ ಬೀಜವನ್ನು ಬಂಡೆಯ ಮೇಲಿಟ್ಟು, ಕಲ್ಲಿನಿಂದ ಕುಟ್ಟಿ ಒಡೆಯುತ್ತದೆ. ಈ ಪದ್ಧತಿ ಸುಮಾರು 3,000 ವರ್ಷಗಳಷ್ಟು ಹಳೆಯದೆಂದು ನೆಲವನ್ನು ಅಗೆದು ನೋಡಿದ ಶಾಸ್ತ್ರಜ್ಞರು 2019ರಲ್ಲಿ ಪ್ರಕಟಿಸಿದರು. ಅಳಿಲಿನ ಮರಿ ಕೆಲವೇ ತಿಂಗಳಲ್ಲಿ ತಾಯಿಯನ್ನು ಬಿಟ್ಟು ತನ್ನ ದಾರಿ ಹಿಡಿಯುತ್ತದೆ. ಕೋತಿಯ ಮರಿಯಾದರೋ ಹಿರಿಯರ ನಡುವೆ ಇದ್ದು, ನೋಡಿ, ಕಲಿತು ಬೆಳೆಯಬೇಕು. ಕೈಯಲ್ಲಿ, ಕಲಿಕೆಯಲ್ಲಿ, ಸಂಸಾರದಲ್ಲಿ ಕೋತಿ ಮನುಷ್ಯನಿಗೆ ಹತ್ತಿರದ ನೆಂಟ.

ಈ ನಂಟು ರೋಗದಲ್ಲಿಯೂ ತಪ್ಪಲಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕೋತಿಗಳೂ ಮುಸಿಯಗಳೂ ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳ ಜನರೂ ವಿಷಮ ಜ್ವರಕ್ಕೆ ತುತ್ತಾದರು. ಅದೇ ಮಂಗನ ಕಾಯಿಲೆ. ಕಾಡಿನ ಇಲಿ, ಅಳಿಲುಗಳಂಥ ಸಣ್ಣ ಪ್ರಾಣಿಗಳಲ್ಲಿಯೂ ಅದರ ವೈರಾಣು ದೊರೆತಿದೆ. ಆದರೆ ಹಿಂಡುಹಿಂಡಾಗಿ ಸಾಯುವ ದುರ್ವಿಧಿ ಕೋತಿಗಳದು. ಹೆಸರು ಕೋತಿಗೆ ಅಂಟಿದರೂ ರೋಗವನ್ನು ಹರಡುವುದು ಉಣುಗು. ಕೋತಿ ಸತ್ತಾಗ ಅದರ ಮೈಯ ಉಣುಗುಗಳು ಉದುರಿ, ಆ ಜಾಗವೇ ಅಪಾಯದ ನೆಲೆಯಾಗುತ್ತದೆ. ಹೀಗಿರುವಾಗ ಕೋತಿಯನ್ನು ಅಪರಾಧಿಯೆನ್ನುವುದು ನ್ಯಾಯವಲ್ಲ. ತನ್ನ ಪ್ರಾಣವನ್ನೇ ತೆತ್ತು ಎಚ್ಚರಿಕೆ ಕೊಡುವ ಜೀವಿ ಅದು.

ಬೇಸಗೆಯ ರಜೆಯಲ್ಲಿ ಮಕ್ಕಳೊಡನೆ ಮಲೆನಾಡಿನ ಕಾಡಿಗೆ ಹೋಗುವವರು ಇದನ್ನು ನೆನಪಿನಲ್ಲಿಡಬೇಕು. ಸತ್ತ ಕೋತಿ ಕಂಡರೆ ಹತ್ತಿರ ಸುಳಿಯದೆ, ಕೂಡಲೇ ಅರಣ್ಯ ಅಥವಾ ಆರೋಗ್ಯ ಇಲಾಖೆಯವರಿಗೆ ತಿಳಿಸಬೇಕು. ಮನೆಗೆ ಮರಳಿದೊಡನೆ ಬಿಸಿನೀರಿನಲ್ಲಿ ಸಾಬೂನು ಹಚ್ಚಿ ಸ್ನಾನಮಾಡಿ, ಉಟ್ಟ ಬಟ್ಟೆಗಳನ್ನು ಒಗೆಯಬೇಕು. ಕೆಲಸ ಸಣ್ಣದೇ ಸರಿ. ಆದರೆ ಒಂದು ಊರಿನ ಪ್ರಾಣ ಉಳಿಸಬಲ್ಲ ಅಳಿಲು ಸೇವೆ ಅದು.