ಮೇವು ಮೊದಲು, ಗಿನಿಪಿಗ್ ಆಮೇಲೆ

ಈ ಸೆಮಿಸ್ಟರ್ ಶುರುವಾದಾಗಿಂದ ಮೂರು ಜನ ನನ್ನನ್ನ ಒಂದೇ ಪ್ರಶ್ನೆ ಕೇಳಿದಾರೆ. "ಮಗಾ, ನೀನು ಗಿನಿಪಿಗ್ ತಂದಿದ್ಯಲ್ಲ, ಎಲ್ಲಿ ಸಿಗತ್ತೆ? ರೇಟ್ ಎಷ್ಟು?" ಮೂವರೂ ರೀಲ್ಸ್ ನೋಡಿ ಮನಸ್ಸು ಮಾಡಿದವರೇ. ಒಂದು ಸೌತೆಕಾಯಿ ಚೂರನ್ನ ಎರಡು ದುಂಡು ಪ್ರಾಣಿಗಳು ಆ ಕಡೆ ಈ ಕಡೆ ಎಳೆದಾಡೋ ವಿಡಿಯೋ ನಾನೂ ನೋಡಿದೀನಿ. ಯಾರಿಗಾದರೂ ಆಸೆ ಆಗತ್ತೆ. ಆದರೆ ಮೂವರಲ್ಲಿ ಒಬ್ಬರೂ "ಅದು ಏನು ತಿನ್ನತ್ತೆ?" ಅಂತ ಕೇಳಲಿಲ್ಲ. ಅವರನ್ನ ಬೈಯ್ಯೋಕೆ ಹೇಳ್ತಿಲ್ಲ, ತರೋ ಮುಂಚೆ ನಾನೂ ಕೇಳಿರಲಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಹಾಸ್ಟೆಲ್, ಪಿಜಿಯಲ್ಲಿ ಇರೋರು ಗಿನಿಪಿಗ್ ತರಲೇಬಾರದು. ಮನೆಯಿಂದ ಓಡಾಡೋರು ತರಬಹುದು. ಆದರೆ ಮೇವು ಹೊಂದಿಸಿಕೊಂಡ ಮೇಲೆ, ಮನೆಯವರು ಒಪ್ಪಿದ ಮೇಲೆ, ಒಂದಲ್ಲ ಎರಡು. ಯಾಕೆ ಅಂತ ಹೇಳೋಕೆ ಬೋಂಡನ ಕಥೆ ಹೇಳಬೇಕು.

ನಮ್ಮದು ಶ್ರೀನಿವಾಸಪುರದ ಪಕ್ಕದ ಹಳ್ಳಿ. ಮನೇಲಿ ತೆಲುಗು, ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಕನ್ನಡ ಬರೆಯೋದು ಈ ಕ್ಲಬ್ ಸೇರಿದ ಮೇಲೆ ಅಭ್ಯಾಸ ಆಗಿದ್ದು. ತಪ್ಪಿದ್ರೆ ಕ್ಷಮಿಸಿ. ಫಸ್ಟ್ ಇಯರ್ ಎರಡನೇ ಸೆಮ್‌ನಲ್ಲಿ ಬೆಂಗಳೂರಿನ ಒಂದು ಅಂಗಡಿಯಿಂದ 700 ರೂಪಾಯಿ ಕೊಟ್ಟು ಒಂದು ಮರಿ ತಂದೆ. ಕಂದು ಬಣ್ಣ, ದುಂಡಗೆ ಇತ್ತು, ಅದಕ್ಕೇ ಬೋಂಡ ಅಂತ ಹೆಸರಿಟ್ಟೆ. ಅಂಗಡಿಯವನು ಒಂದು ತಂತಿ ಪಂಜರ, ಒಂದು ಪ್ಯಾಕೆಟ್ ಬಣ್ಣಬಣ್ಣದ ಕಾಳು ಮಿಕ್ಸ್ ಕೊಟ್ಟ. "ಇದು ಹಾಕಿ, ಆಗಾಗ ಕ್ಯಾರೆಟ್ ಕೊಡಿ, ಏನೂ ತೊಂದರೆ ಇಲ್ಲ" ಅಂದ. ಅಷ್ಟೇ ಟ್ರೈನಿಂಗ್.

ಮೊದಲ ಮೂರು ವಾರ ಬೋಂಡ ಚೆನ್ನಾಗೇ ಇದ್ದ. ಬೆಳಿಗ್ಗೆ ಪ್ಲಾಸ್ಟಿಕ್ ಕವರ್ ಸದ್ದಾದ್ರೆ ಸಾಕು, "ವೀಕ್ ವೀಕ್" ಅಂತ ಇಡೀ ಮನೆ ಎಬ್ಬಿಸ್ತಿದ್ದ. ಆಮೇಲೆ ಓಡಾಟ ಕಮ್ಮಿ ಆಯ್ತು. ಕೂದಲು ಒರಟಾಯ್ತು. ಹಿಂದಿನ ಕಾಲು ಎಳೆದುಕೊಂಡು ನಡೆಯೋಕೆ ಶುರು ಮಾಡಿದ. ನನಗೆ ಇಂಟರ್ನಲ್ಸ್ ಇತ್ತು, ಎಲ್ಲೋ ಉಳುಕಿರಬೇಕು ಅಂದ್ಕೊಂಡೆ. ಒಂದು ದಿನ ಕಾಳು ಮುಟ್ಟಲೇ ಇಲ್ಲ. ಮಾರನೇ ದಿನ ದನದ ಆಸ್ಪತ್ರೆಗೆ ತಗೊಂಡು ಹೋದೆ. ಡಾಕ್ಟರ್ ಒಳ್ಳೆಯವರು, ಇದ್ದದ್ದು ಇದ್ದ ಹಾಗೆ ಹೇಳಿದ್ರು. "ನಾನು ದಿನಾ ನೋಡೋದು ಹಸು, ಕುರಿ, ಮೇಕೆ. ವಿಟಮಿನ್ ಸಿ ಕಮ್ಮಿ ಆಗಿರೋ ಹಾಗಿದೆ. ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ತಗೊಂಡು ಹೋಗಪ್ಪ." ಕೋಲಾರದಲ್ಲಿ ಬಸ್ ಬದಲಾಯಿಸಿದೆ. ನರಸಾಪುರ ದಾಟೋ ಹೊತ್ತಿಗೆ ತೊಡೆ ಮೇಲಿದ್ದ ಡಬ್ಬದಲ್ಲಿ ಬೋಂಡ ಅಲುಗಾಡೋದು ನಿಲ್ಲಿಸಿದ್ದ. ಹೊಸಕೋಟೆಯಲ್ಲಿ ಇಳಿದು ವಾಪಸ್ ಬಸ್ ಹತ್ತಿದೆ.

ಮನೇಲಿ ಅಜ್ಜಿ ಪಂಜರ ನೋಡಿ ತೆಲುಗಲ್ಲಿ ಒಂದೇ ಮಾತು ಕೇಳಿದ್ರು. "ಮೇವು ನೋಡ್ಕೊಳ್ದೆ ಯಾರಾದ್ರೂ ಹಸು ತರ್ತಾರೇನೋ?"

ನಮ್ಮನೇಲಿ ಎರಡು ಸೀಮೆಹಸು ಇದೆ. ಎರಡನೆಯದನ್ನ ತರೋ ಮುಂಚೆ ಅಪ್ಪ, ಅಜ್ಜಿ ಒಂದು ವರ್ಷ ಲೆಕ್ಕ ಹಾಕಿದ್ರು. ಬೋರ್‌ನಲ್ಲಿ ನೀರು ಎಷ್ಟು ಬರತ್ತೆ, ನೇಪಿಯರ್ ಹುಲ್ಲು ಎಷ್ಟು ಗುಂಟೆ ಹಾಕಬೇಕು, ಬೇಸಿಗೆಗೆ ರಾಗಿ ಹುಲ್ಲಿನ ಬಣವೆ ಸಾಕಾಗತ್ತಾ, ಮದುವೆಗೆ ಹೋದ್ರೆ ಯಾರು ಹಾಲು ಕರೀತಾರೆ. ಆಮೇಲೆ ಹಸು ಬಂತು. ಅದೇ ಮನೇಲಿ ನಾನು ಪ್ರಾಣಿ ತಂದು ಆಮೇಲೆ ಗೂಗಲ್ ಮಾಡಿದೆ. ಹಿತ್ತಲ ತುಂಬಾ ಗರಿಕೆ ಇತ್ತು, ನಾನು ಕಾಳು ಹಾಕ್ತಿದ್ದೆ. ಅಜ್ಜಿ ಅದು ಇಂಗ್ಲಿಷ್ ಪ್ರಾಣಿ, ಅದರ ಊಟ ಪ್ಯಾಕೆಟ್‌ನಲ್ಲೇ ಬರತ್ತೆ ಅಂದ್ಕೊಂಡು ಸುಮ್ಮನಿದ್ರು. ನಾನು ಅಜ್ಜಿಗೇನು ಗೊತ್ತು ಅಂತ ಸುಮ್ಮನಿದ್ದೆ.

ನಿಜವಾಗಿ ನೋಡಿದ್ರೆ ಗಿನಿಪಿಗ್ ಒಂದು ಪುಟ್ಟ ದನದ ಹಾಗೆ. ಮೆಲುಕು ಹಾಕಲ್ಲ ಅಷ್ಟೇ, ಊಟ ಮುಕ್ಕಾಲು ಪಾಲಿಗಿಂತ ಜಾಸ್ತಿ ಹುಲ್ಲೇ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಜನ ಸಾವಿರಾರು ವರ್ಷದಿಂದ ಮನೇಲಿ ಸಾಕ್ಕೊಂಡು ಬಂದಿದಾರೆ. ಪೆರುವಿನಲ್ಲಿ ಇವತ್ತಿಗೂ ಅಡುಗೆ ಮಾಡ್ತಾರೆ. ಅವರು ಹಾಕೋದು ಹುಲ್ಲು, ಸೊಪ್ಪು. ಇದರ ಹಲ್ಲು ಜೀವನ ಪೂರ್ತಿ ಬೆಳೀತಾನೇ ಇರತ್ತೆ, ಹುಲ್ಲು ಅಗಿದು ಅಗಿದು ಸವೆಯಬೇಕು. ಹುಲ್ಲಿಲ್ಲದಿದ್ರೆ ಹಲ್ಲು ಉದ್ದ ಆಗಿ ಬಾಯಿ ಮುಚ್ಚೋಕೂ ಕಷ್ಟ. ಹೊಟ್ಟೆಯೂ ಖಾಲಿ ಇರಬಾರದು. ಒಂದು ದಿನ ತಿನ್ನಲಿಲ್ಲ ಅಂದ್ರೆ ಅದು ಎಮರ್ಜೆನ್ಸಿ, ನಾಳೆ ನೋಡೋಣ ಅನ್ನೋ ವಿಷಯ ಅಲ್ಲ. ನಾನು ಆ ಒಂದು ದಿನ ಕಾದಿದ್ದೆ.

ಎರಡನೇ ವಿಷಯ ವಿಟಮಿನ್ ಸಿ. ಹಸು, ನಾಯಿ, ಬೆಕ್ಕು ಇದನ್ನ ತಮ್ಮ ದೇಹದಲ್ಲೇ ಮಾಡ್ಕೊಳ್ತವೆ. ಗಿನಿಪಿಗ್ ಮಾಡ್ಕೊಳ್ಳಲ್ಲ, ನಾವೂ ಮಾಡ್ಕೊಳ್ಳಲ್ಲ. ದಿನಾ ಊಟದಲ್ಲೇ ಸಿಗಬೇಕು, ಇಲ್ಲದಿದ್ರೆ ಕೆಲವೇ ವಾರದಲ್ಲಿ ಸ್ಕರ್ವಿ ಬರತ್ತೆ, ಕೀಲು ನೋಯತ್ತೆ, ಊಟ ಬಿಡತ್ತೆ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಅನ್ನೋ ಇಬ್ಬರು ಬೇರೆ ಕಾಯಿಲೆ ಬಗ್ಗೆ ಸಂಶೋಧನೆ ಮಾಡ್ತಾ ಗಿನಿಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿದ್ರು. ಅವಕ್ಕೆ ಸ್ಕರ್ವಿ ಬಂತು. ಮನುಷ್ಯರ ಸ್ಕರ್ವಿ ಅರ್ಥ ಮಾಡ್ಕೊಳ್ಳೋಕೆ, ಮುಂದೆ ವಿಟಮಿನ್ ಸಿ ಕಂಡುಹಿಡಿಯೋಕೆ ಅದೇ ದಾರಿ ಆಯ್ತು. ಅಂದ್ರೆ ಬರೀ ಕಾಳು ಹಾಕಿದ್ರೆ ಏನಾಗತ್ತೆ ಅಂತ ಜಗತ್ತಿಗೆ ನೂರು ವರ್ಷದ ಹಿಂದೇನೇ ಗೊತ್ತಿತ್ತು. ನನಗೆ ಗೊತ್ತಾಗಿದ್ದು ಬೋಂಡ ಹೋದ ಮೇಲೆ.

ಬೇಜಾರಿನ ವಿಷಯ ಏನಂದ್ರೆ, ಈ ಎರಡಕ್ಕೂ ನಮ್ಮ ಜಿಲ್ಲೆಗಿಂತ ಒಳ್ಳೆ ಜಾಗ ಇಲ್ಲ. ವಿದೇಶದ ಗೈಡ್‌ಗಳಲ್ಲಿ "ಟಿಮೊಥಿ ಹೇ" ಅಂತ ಬರೆದಿರತ್ತೆ, ಅದನ್ನ ಆನ್‌ಲೈನ್‌ನಲ್ಲಿ ತರಿಸಿದ್ರೆ ಪಾಕೆಟ್ ಮನಿ ಎಲ್ಲ ಅದಕ್ಕೇ. ಬದುವಿನ ಮೇಲಿನ ಗರಿಕೆ, ಹಸುವಿಗೆ ಬೆಳೆದ ನೇಪಿಯರ್ ಸಾಕು, ಹಸಿಯಾಗಿ ಕೊಡಬಹುದು, ನೆರಳಲ್ಲಿ ಒಣಗಿಸಿ ಇಟ್ಕೋಬಹುದು. ಮುಗ್ಗು ಬಂದಿರಬಾರದು, ಔಷಧಿ ಹೊಡೆದ ಹೊಲದ ಬದು ಆಗಿರಬಾರದು. ವಿಟಮಿನ್ ಸಿಗೆ ದಪ್ಪ ಮೆಣಸಿನಕಾಯಿ. ಒಂದು ಕೆಜಿ ತೂಕದ ಗಿನಿಪಿಗ್‌ಗೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. 100 ಗ್ರಾಂ ಹಸಿರು ದಪ್ಪ ಮೆಣಸಿನಕಾಯಲ್ಲಿ ಸುಮಾರು 80 ಇರತ್ತೆ. ಅಂದ್ರೆ ಒಂದು ಕಾಯಲ್ಲಿ ಕಾಲು ಭಾಗ ಸಾಕು. ಜೊತೆಗೆ ಸ್ವಲ್ಪ ಕೊತ್ತಂಬರಿ ಸೊಪ್ಪು, ಯಾವಾಗಲಾದ್ರೂ ಒಂದು ಚೂರು ಸೀಬೆ ಹಣ್ಣು, ಒಂದೆರಡು ಹಿಪ್ಪುನೇರಳೆ ಎಲೆ. ಎಲ್ಲಾ ಚೆನ್ನಾಗಿ ತೊಳೆದು.

ಆದರೆ ನಮ್ಮೂರಲ್ಲಿ ಸಿಗೋದೆಲ್ಲ ಕೊಡೋ ಹಾಗಿಲ್ಲ. ಕೋಲಾರ ಅಂದ್ರೆ ಟೊಮೆಟೊ. ಹಣ್ಣು ಒಂದು ಚೂರು ಪರವಾಗಿಲ್ಲ, ಗಿಡದ ಎಲೆ, ಕಾಂಡ ವಿಷ. ಆಲೂಗಡ್ಡೆ ಎಲೆ, ಮೊಳಕೆ ವಿಷ. ಈರುಳ್ಳಿ, ಬೆಳ್ಳುಳ್ಳಿ ಬೇಡ. ಎಳೆ ಜೋಳದ ಹೊಲಕ್ಕೆ ಅಜ್ಜಿ ಹಸು ಬಿಡಲ್ಲ, ಅದರಲ್ಲಿ ಸೈನೈಡ್ ಆಗತ್ತೆ. ಹಸುವಿಗೇ ಆಗದ್ದನ್ನ ಈ ಪುಟ್ಟ ಜೀವಕ್ಕೆ ಹಾಕೋದು ಹೇಗೆ? ಇನ್ನೊಂದು ಮುಖ್ಯ ವಿಷಯ, ಹುಷಾರಿಲ್ಲ ಅಂತ ಮನೇಲಿ ಉಳಿದಿರೋ ಅಮಾಕ್ಸಿಸಿಲಿನ್ ಕೊಡಬೇಡಿ. ಹೊಟ್ಟೆಯೊಳಗಿನ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಪ್ರಾಣಿಯೇ ಹೋಗಬಹುದು.

ಈಗ ಒಂದಲ್ಲ ಎರಡು ಅಂದಿದ್ದು ಯಾಕೆ? ಇದು ಗುಂಪಲ್ಲಿ ಬದುಕೋ ಪ್ರಾಣಿ. ಸ್ವಿಟ್ಜರ್ಲೆಂಡ್‌ನಲ್ಲಿ 2008ರಿಂದ ಗಿನಿಪಿಗ್ ಒಂಟಿಯಾಗಿ ಸಾಕೋದೇ ಕಾನೂನಿಗೆ ವಿರುದ್ಧ. ನಮ್ಮಲ್ಲಿ ಅಂಥ ಕಾನೂನಿಲ್ಲ. ಆದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಓಡಾಡೋಕೆ ಜಾಗ ಇಲ್ಲದ ಪಂಜರದಲ್ಲಿ ಕೂಡಿ ಹಾಕೋದು ಅಪರಾಧ. 2018ರ ನಿಯಮದ ಪ್ರಕಾರ ಪ್ರಾಣಿ ಮಾರೋ ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಸರ್ಟಿಫಿಕೇಟ್ ತೋರಿಸಿ ಅಂತ ಕೇಳೋಕೆ ಸಂಕೋಚ ಬೇಡ, ನಾವು ಲ್ಯಾಪ್‌ಟಾಪ್‌ಗೆ ವಾರಂಟಿ ಕೇಳಲ್ವಾ? ಎರಡಕ್ಕೆ ಕಡಿಮೆ ಅಂದ್ರೂ ನಾಲ್ಕಡಿ ಉದ್ದ, ಎರಡಡಿ ಅಗಲ ಜಾಗ ಬೇಕು. ಕೆಳಗೆ ತಂತಿ ಇರಬಾರದು, ಪಾದ ಹುಣ್ಣಾಗತ್ತೆ.

ಎರಡು ತಂದ್ರೆ ಗಂಡೋ ಹೆಣ್ಣೋ ಗೊತ್ತಿರಬೇಕು. ನನ್ನ ಮುಳಬಾಗಿಲಿನ ಗೆಳತಿ "ಎರಡೂ ಹೆಣ್ಣು" ಅಂತ ಹೇಳಿದ್ದನ್ನ ನಂಬಿ ತಂದಳು. ಎರಡೂವರೆ ತಿಂಗಳಿಗೆ ಮೂರು ಮರಿ, ಹುಟ್ಟುತ್ತಲೇ ಕಣ್ಣು ಬಿಟ್ಕೊಂಡು ಮೈತುಂಬಾ ಕೂದಲು. ಗಂಡು ಮರಿಗಳನ್ನ ಮೂರು ವಾರಕ್ಕೇ ಬೇರೆ ಮಾಡಬೇಕು, ಇಲ್ಲದಿದ್ರೆ ಲೆಕ್ಕ ಕೈ ತಪ್ಪತ್ತೆ. ಆದರೆ ಅವಳ ಮನೇಲಿ ಎಲ್ಲವೂ ಬದುಕಿವೆ. ಅವಳ ತಮ್ಮ ದಿನಾ ಗರಿಕೆ ಕುಯ್ಕೊಂಡು ಬರ್ತಾನೆ. ಏಪ್ರಿಲ್ ಬಿಸಿಲಿಗೆ ನೆರಳಲ್ಲಿ ಒಂದು ಚಪ್ಪಡಿ ಕಲ್ಲು ಹಾಕಿದಾರೆ, ಎಲ್ಲಾ ಅದರ ಮೇಲೆ ಹೊಟ್ಟೆ ಹಚ್ಚಿ ಮಲಗ್ತವೆ. 30 ಡಿಗ್ರಿ ಹತ್ತಿರ ಬಂದ್ರೇ ಗಿನಿಪಿಗ್‌ಗೆ ಸೆಕೆ ತಡೆಯೋಕೆ ಆಗಲ್ಲ, ಶೀಟ್ ಹಾಕಿದ ರೂಮಲ್ಲಿ ಮಧ್ಯಾಹ್ನ ಬಿಟ್ಟು ಬಂದ್ರೆ ಸಂಜೆಗೆ ಇರಲ್ಲ.

ಪಿಜಿ ಬೇಡ ಅಂದಿದ್ದು ಇದಕ್ಕೂ ಸೇರಿಸಿಯೇ. ಮಾಲೂರಿನ ನಮ್ಮ ಕ್ಲಾಸ್‌ಮೇಟ್ ಒಬ್ಬ ಪಿಜಿಯಲ್ಲಿ ಮಂಚದ ಕೆಳಗೆ ಬಚ್ಚಿಟ್ಟು ಸಾಕಿದ್ದ. ಸೆಮ್ ರಜೆ ಬಂತು, ಓನರ್‌ಗೆ ಗೊತ್ತಾಯ್ತು, ಯಾರೋ ಕೇಳಿದ್ರು ಅಂತ ಕೊಟ್ಟುಬಿಟ್ಟ. ಈಗ ಅದು ಎಲ್ಲಿದೆ ಅಂತ ಅವನಿಗೇ ಗೊತ್ತಿಲ್ಲ. ಗಿನಿಪಿಗ್ ಐದರಿಂದ ಎಂಟು ವರ್ಷ ಬದುಕತ್ತೆ. ನಮ್ಮ ಕೋರ್ಸ್ ನಾಲ್ಕು ವರ್ಷ. ಪ್ಲೇಸ್‌ಮೆಂಟ್ ಆಗಿ ಪುಣೆಗೋ ಹೈದರಾಬಾದ್‌ಗೋ ಹೋಗೋವಾಗ ಅದನ್ನ ಯಾರ ಕೈಗೆ ಕೊಡ್ತೀರ? "ಹೊಲಕ್ಕೆ ಬಿಟ್ರೆ ಹುಲ್ಲು ತಿನ್ಕೊಂಡು ಇರತ್ತೆ" ಅಂತ ಒಬ್ಬ ಅಂದ. ನಾಯಿ, ಹದ್ದು, ಮುಂಗುಸಿ ಇರೋ ಹೊಲದಲ್ಲಿ ಸಾಕಿದ ಪ್ರಾಣಿ ಎರಡು ದಿನ ಉಳಿಯೋದೂ ಕಷ್ಟ.

ಹಾಸ್ಟೆಲ್‌ನಲ್ಲಿ ಒಂಟಿತನ ಇದೆ, ಒಂದು ಜೀವ ಜೊತೆಗಿದ್ರೆ ಮನಸ್ಸಿಗೆ ಸಮಾಧಾನ ಅಂತ ಹೇಳೋರಿದಾರೆ. ಇದನ್ನ ನಾನು ತಳ್ಳಿಹಾಕಲ್ಲ. ಬೋಂಡ ಇದ್ದಾಗ ಮನೆಗೆ ಬೇಗ ಹೋಗೋಕೆ ನನಗೂ ಒಂದು ಕಾರಣ ಇತ್ತು. ಆದರೆ ನಮ್ಮ ಒಂಟಿತನ ಕಳೆಯೋಕೆ ಇನ್ನೊಂದು ಜೀವವನ್ನ ದಿನಕ್ಕೆ ಎಂಟು ಗಂಟೆ ಬೀಗ ಹಾಕಿದ ರೂಮಲ್ಲಿ ಒಂಟಿಯಾಗಿ ಇಡೋದು ನ್ಯಾಯ ಅಲ್ಲ.

"700 ರೂಪಾಯಿ ಇಲಿಗೆ ಇಷ್ಟೊಂದಾ?" ಅಂತಾನೂ ಕೇಳ್ತಾರೆ. ಪ್ರಾಣಿಯ ರೇಟ್ ಕಮ್ಮಿ ಇರೋದೇ ಇಲ್ಲಿ ಸಮಸ್ಯೆ. ಹಸುವಿಗೆ ಸಾವಿರಾರು ರೂಪಾಯಿ ಕೊಡ್ತೀವಿ, ಹಾಗಾಗಿ ಯೋಚನೆ ಮಾಡ್ತೀವಿ. 700ಕ್ಕೆ ಯಾರೂ ಯೋಚನೆ ಮಾಡಲ್ಲ. ನೋವು ರೇಟ್ ನೋಡ್ಕೊಂಡು ಬರಲ್ಲ.

ಅದಕ್ಕೆ ನನ್ನದೊಂದು ಸಲಹೆ, ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಡ್ರೈ ರನ್. ಪ್ರಾಣಿ ತರಬೇಡಿ. 30 ದಿನ ಪ್ರಾಣಿ ಇದೆ ಅಂದ್ಕೊಂಡು ಕೆಲಸ ಮಾಡಿ. ದಿನಾ ಒಂದು ಚೀಲ ಹುಲ್ಲು ತನ್ನಿ. ದಪ್ಪ ಮೆಣಸಿನಕಾಯಿ, ಸೊಪ್ಪು ತೊಳೆದು ಹೆಚ್ಚಿ ಇಡಿ. ಜಾಗ ಗುಡಿಸಿ, ನೀರು ಬದಲಾಯಿಸಿ. ಇದನ್ನ ನೋಡಿ ಗೊತ್ತಿರೋ ಡಾಕ್ಟರ್ ಯಾರು, ಎಷ್ಟು ದೂರ, ರಾತ್ರಿ ಹೇಗೆ ಹೋಗೋದು ಅಂತ ಫೋನ್ ಮಾಡಿ ಕೇಳಿಟ್ಕೊಳ್ಳಿ. ನೀವು ಊರಲ್ಲಿ ಇಲ್ಲದಾಗ ಯಾರು ನೋಡ್ಕೊಳ್ತಾರೆ ಅಂತ ಅವರ ಬಾಯಲ್ಲೇ ಕೇಳಿ. 30 ದಿನ ತಪ್ಪದೆ ಆಯ್ತಾ, ಎರಡು ತನ್ನಿ, ನಾನೇ ಜೊತೆಗೆ ಬರ್ತೀನಿ.

ನಾನೂ ಈಗ ಅದನ್ನೇ ಮಾಡ್ತಿದೀನಿ. ಮೊದಲ ಸಲ ಹನ್ನೊಂದನೇ ದಿನ ಲ್ಯಾಬ್ ರೆಕಾರ್ಡ್ ಬರೀತಾ ಹುಲ್ಲು ಮರೆತೆ, ಮತ್ತೆ ಒಂದರಿಂದ ಶುರು ಮಾಡಿದೆ. ಎರಡನೇ ಸಲ ಇವತ್ತಿಗೆ ಹತ್ತೊಂಬತ್ತನೇ ದಿನ. ನಾನು ತಂದ ಗರಿಕೆಯನ್ನ ಸಂಜೆ ಅಜ್ಜಿ ಹಸುವಿಗೆ ಹಾಕ್ತಾರೆ. "ಮರೆಯೋದಿದ್ರೆ ಈಗಲೇ ಮರೆತುಬಿಡು, ಹಸುವಿಗೆ ಬೇರೆ ಮೇವಿದೆ" ಅಂತಾರೆ.