ಮೂರಡಿ ಪಟ್ಟಿಗೂ ಒಂದು ಮರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಹೊಸಪೇಟೆ ಬಿಟ್ಟರೆ ವಿಜಯನಗರ ಜಿಲ್ಲೆಯೆಂದರೆ ಈ ಐದು ತಾಲ್ಲೂಕು. ಬಹುಪಾಲು ಮಳೆ ನಂಬಿದ ಬಿಸಿಲು ಸೀಮೆ. ಇಲ್ಲಿನ ಹೊಸ ಬಡಾವಣೆಗಳಲ್ಲಿ ಮೂವತ್ತು-ನಲವತ್ತರ ಸೈಟೇ ಸಾಮಾನ್ಯ. ಆ 1,200 ಚದರಡಿಯಲ್ಲಿ ಮನೆ, ಸಂಪು, ಬೈಕಿನ ಜಾಗ ಕಳೆದರೆ ಕಾಂಪೌಂಡಿನ ಒಳಬದಿಗೆ ಮೂರಡಿ ಪಟ್ಟಿ ಉಳಿದರೆ ಹೆಚ್ಚು. ಅದಕ್ಕೂ ಸಿಮೆಂಟ್ ಬಳಿಯುವವರಿದ್ದಾರೆ. ಮರ ಬೇಕೆನ್ನುವವರು ಬೇವು, ಹೊಂಗೆ ನೆಟ್ಟು, ಅದು ಬಲಿತು ನೆರೆಯವರ ತಾರಸಿಗೆ ಚಾಚಿದಾಗ ಕಡಿಸುತ್ತಾರೆ. ಬಲಿತ ಬೇವಿನ ಕೊಂಬೆ ಮೂವತ್ತಡಿ ಸಲೀಸಾಗಿ ಹರಡುತ್ತದೆ. ಸೈಟಿನ ಅಗಲವೇ ಅಷ್ಟು. ಆದ್ದರಿಂದ ಸಣ್ಣ ಅಂಗಳಕ್ಕೆ ಅಗಲವಾಗದೆ ಎತ್ತರಕ್ಕೇರುವ ಮರವನ್ನೇ ಆರಿಸಬೇಕು. ಅದೂ ಮನೆಗೆ ಒದಗುವಂಥದ್ದನ್ನು.

ನೇರ ಮರವೆಂದರೆ ನಮ್ಮವರಿಗೆ ನೆನಪಾಗುವುದು ಎಲೆ ಇಳಿಬಿಟ್ಟು ಕಂಬದಂತೆ ನಿಲ್ಲುವ 'ಅಶೋಕ'. ಹೆಸರು ಅಶೋಕವಾದರೂ ಕೆಂಪು-ಕಿತ್ತಳೆ ಹೂ ಬಿಡುವ ನಿಜವಾದ ಅಶೋಕ ಬೇರೆಯೇ. ಅಂದಕ್ಕೆ ಈ ಕಂಬದಂಥ ಮರ ಸರಿ, ಅಡುಗೆಮನೆಗೆ ಏನೂ ಕೊಡದು. ಅದೇ ಜಾಗದಲ್ಲಿ ನುಗ್ಗೆ, ಕರಿಬೇವು, ಎಲೆಬಳ್ಳಿ ತೋಟದಲ್ಲಿ ಬಳ್ಳಿಗೆ ಆಸರೆಯಾಗುವ ಚೊಗಚೆ ಬರುತ್ತವೆ. ವರ್ಷಕ್ಕೊಮ್ಮೆ ಸವರಿದರೆ ಬಿಲ್ವವೂ ಒತ್ತಾಗಿ ನಿಲ್ಲುತ್ತದೆ. ಕೊಟ್ಟೂರೇಶ್ವರನ ಊರಲ್ಲಿ ಪತ್ರೆ ಬೇಡವೆನ್ನುವವರಾರು? ನುಗ್ಗೆಯ ತೆಳು ನೆರಳು ಬಿಸಿಲನ್ನು ಪೂರಾ ತಡೆಯದು. ಹಾಗಾಗಿ ಭೌಗೋಳಿಕ ಸೂಚಕ ಪಡೆದ ಹಡಗಲಿ ಮಲ್ಲಿಗೆಯ ಗಿಡವೊಂದಕ್ಕೂ ಪಕ್ಕದಲ್ಲಿ ಎಡೆಯುಂಟು.

ಸಪೂರ ಮರದಿಂದ ನೆರಳೆಷ್ಟು ಎಂಬುದು ಮೊದಲ ಆಕ್ಷೇಪ. ಬೇಸಿಗೆಯ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುವಾಗ ಅದರ ನೆರಳು ಬುಡಕ್ಕಷ್ಟೇ, ನಿಜ. ಆದರೆ ಮನೆಯೊಳಗೆ ರಾತ್ರಿಯವರೆಗೂ ಧಗೆ ಉಳಿಸುವುದು ಇಳಿಹೊತ್ತಿನಲ್ಲಿ ಪಡುವಣ ಗೋಡೆ ಕುಡಿದ ಬಿಸಿಲು. ಏಪ್ರಿಲ್‌ನಲ್ಲಿ ಸಂಜೆ ನಾಲ್ಕಕ್ಕೆ ಮರದ ನೆರಳು ಅದರ ಎತ್ತರವನ್ನೂ ಮೀರುತ್ತದೆ. ಪಡುವಣಕ್ಕೆ ಸಾಲಾಗಿ ಮೂರು ಮರವಿದ್ದರೆ ಗೋಡೆಯ ಬಹುಭಾಗ ತಂಪು. ಬೇರು ಪಾಯ ಸೀಳುತ್ತದೆಂಬ ಭಯಕ್ಕೂ ಆಯ್ಕೆಯೇ ಉತ್ತರ: ಆಲ, ಅರಳಿ ಅಂಗಳಕ್ಕೆ ಸಲ್ಲವು; ಬೀಜದಿಂದ ಎದ್ದ ನುಗ್ಗೆ ತಾಯಿಬೇರನ್ನು ಕೆಳಗಿಳಿಸುತ್ತದೆ, ಗೂಟ ನೆಟ್ಟದ್ದರ ಬೇರು ಮೇಲೆಯೇ ಹರಡುತ್ತದೆ. ನುಗ್ಗೆಗೆ ಕಂಬಳಿಹುಳ ಬರುತ್ತದೆ, ಕೊಂಬೆಯೂ ಪೆಳಸು; ಸವರಿ ಕೈಗೆಟಕುವಂತೆ ಇಟ್ಟುಕೊಂಡರೆ ಎರಡೂ ಹತೋಟಿಯಲ್ಲಿರುತ್ತವೆ. ನೀರಿಗೆ ಬಚ್ಚಲಿದೆ, ಬಚ್ಚಲ ನೀರಿಗೆ ಕರಿಬೇವು ಬೆಳೆಸಿದವರು ನಮ್ಮ ಹಿರಿಯರೇ.

ಹಾಗೆಂದು ಹರವಾದ ಮರಗಳು ಬೇಡವೆಂದಲ್ಲ; ಅವುಗಳ ಜಾಗ ಊರಿನದು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 2024ರಲ್ಲಿ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಅಲ್ಲಿ ಹಕ್ಕಿಗಳು ಗೂಡು ಕಟ್ಟುವುದು ಕೆರೆಯೊಳಗಿನ ಜಾಲಿಮರಗಳಲ್ಲಿ. ಕೂಡ್ಲಿಗಿಯ ಹುಣಸೆಗೂ ಅಂಥದೇ ಬಯಲು ಬೇಕು. ಶಾಲೆಯಂಗಳ, ಕೆರೆಯೇರಿ, ರಸ್ತೆಬದಿಯಲ್ಲಿ ಸ್ಥಳೀಯ ಸಂಸ್ಥೆಗಳು ಹುಣಸೆ, ಬೇವು ಬೆಳೆಸಲಿ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳು ಮನೆಗೆಂದು ಕೇಳಿದವರಿಗೆ ನುಗ್ಗೆ, ಬಿಲ್ವ, ಚೊಗಚೆಯ ಸಸಿ ಕೊಡಲಿ. ಉಳಿದದ್ದು ಮನೆಯವರ ಕೈಯಲ್ಲಿದೆ: ಆ ಮೂರಡಿಗೆ ಸಿಮೆಂಟ್ ಸುರಿಯಬೇಡಿ.