ಕಣ ಬಿಡಿ, ಆಯಸ್ಕಾಂತದ ಲೆಕ್ಕ ಕೇಳಿ

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯ 91 ಕಿ.ಮೀ. ಸುತ್ತಳತೆಯ ಹೊಸ ಕಣ ವೇಗವರ್ಧಕ ಕಟ್ಟಲು ಹೊರಟಿದೆ. 2025ರ ಮಾರ್ಚ್‌ನಲ್ಲಿ ಬಂದ ಕಾರ್ಯಸಾಧ್ಯತಾ ವರದಿಯ ಪ್ರಕಾರ ಮೊದಲ ಹಂತಕ್ಕೇ ಸುಮಾರು 15 ಶತಕೋಟಿ ಸ್ವಿಸ್ ಫ್ರಾಂಕ್ ಬೇಕು. ಅಂದರೆ ಆಗಿನ ದರದಲ್ಲಿ ಹತ್ತಿರಹತ್ತಿರ ಒಂದೂವರೆ ಲಕ್ಷ ಕೋಟಿ ರೂಪಾಯಿ. ಭಾರತ 2017ರಿಂದ ಸರ್ನ್‌ನ ಸಹ ಸದಸ್ಯ ರಾಷ್ಟ್ರ. ಹಾಗಾಗಿ ‘ಇದರಿಂದ ನಮಗೇನು ಸಿಗುತ್ತೆ?’ ಅಂತ ಕೇಳೋದು ತಪ್ಪಲ್ಲ. ಆದರೆ ಹಾಗೆ ಕೇಳುವವರೆಲ್ಲ ಕಣದ ಕಡೆ ನೋಡುತ್ತಾರೆ. ಆಯಸ್ಕಾಂತದ ಕಡೆ ನೋಡಿ ಅಂತೀನಿ ನಾನು.

ಈಗಿರುವ ಎಲ್‌ಎಚ್‌ಸಿಯ ಸುತ್ತಳತೆ 27 ಕಿ.ಮೀ. ಅದರಲ್ಲಿ ಓಡುವ ಪ್ರೋಟಾನ್‌ಗಳನ್ನು ಬಾಗಿಸಲು 15 ಮೀಟರ್ ಉದ್ದದ 1,232 ಆಯಸ್ಕಾಂತಗಳಿವೆ. ಒಳಗಿನ ನಯೋಬಿಯಂ-ಟೈಟೇನಿಯಂ ತಂತಿಯನ್ನು ದ್ರವ ಹೀಲಿಯಂನಿಂದ ಮೈನಸ್ 271 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡಿದಾಗ ವಿದ್ಯುತ್ತಿಗೆ ಅಡ್ಡಿಯೇ ಇರಲ್ಲ. ಇದೇ ಸೂಪರ್‌ಕಂಡಕ್ಟಿಂಗ್ ಗುಣ. ಮಾಮೂಲಿ ಆಯಸ್ಕಾಂತ ಬಳಸಿದ್ದರೆ ಅಷ್ಟೇ ಶಕ್ತಿಗೆ 120 ಕಿ.ಮೀ. ಸುರಂಗ ಬೇಕಾಗುತ್ತಿತ್ತು.

ಪುಸ್ತಕ ಓದಿದ ಮಾತ್ರಕ್ಕೆ ಈ ವಿದ್ಯೆ ಒಲಿಯಲ್ಲ. 2008ರ ಸೆಪ್ಟೆಂಬರ್ 19ರಂದು ಎರಡು ಆಯಸ್ಕಾಂತಗಳ ನಡುವಿನ ಒಂದೇ ಒಂದು ವಿದ್ಯುತ್ ಜೋಡಣೆ ಕೈಕೊಟ್ಟಿತು. ಟನ್‌ಗಟ್ಟಲೆ ಹೀಲಿಯಂ ಸುರಂಗಕ್ಕೆ ನುಗ್ಗಿತು. 53 ಆಯಸ್ಕಾಂತಗಳನ್ನು ಮೇಲಕ್ಕೆ ತರಬೇಕಾಯ್ತು. ಯಂತ್ರ ಮತ್ತೆ ಶುರುವಾಗಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು.

ಇಂಥ ಯಂತ್ರದಲ್ಲಿ ನಮ್ಮವರ ಕೈಕೆಲಸವೂ ಇದೆ. ನಮ್ಮ ತುಮಕೂರಿನ ರಾಜಾ ರಾಮಣ್ಣನವರ ಹೆಸರು ಹೊತ್ತ ಇಂದೋರ್‌ನ ಸಂಶೋಧನಾ ಕೇಂದ್ರದ ಉಸ್ತುವಾರಿಯಲ್ಲಿ, ಕಣಗಳ ದಾರಿ ತಿದ್ದುವ 1,700ಕ್ಕೂ ಹೆಚ್ಚು ಚಿಕ್ಕ ಸೂಪರ್‌ಕಂಡಕ್ಟಿಂಗ್ ಆಯಸ್ಕಾಂತಗಳು ಇಲ್ಲಿಂದ ಹೋದವು. ದೊಡ್ಡ ಆಯಸ್ಕಾಂತಗಳನ್ನು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಹೊತ್ತು ನಿಂತ ಸಾವಿರಾರು ಜ್ಯಾಕ್‌ಗಳಲ್ಲಿ ಬೆಂಗಳೂರಿನಲ್ಲಿ ತಯಾರಾದವೂ ಇವೆ.

ಲಾಭದ ಮಾತಿಗೆ ಬರೋಣ. ಅಮೆರಿಕದ ಫರ್ಮಿಲ್ಯಾಬ್ 1983ರಲ್ಲಿ ಟೆವಟ್ರಾನ್ ವೇಗವರ್ಧಕ ಶುರು ಮಾಡಿತು. ಅದಕ್ಕಾಗಿ ಈ ತಂತಿಯನ್ನು ಭಾರೀ ಪ್ರಮಾಣದಲ್ಲಿ ತಯಾರಿಸುವುದನ್ನು ಅಲ್ಲಿನ ಕಾರ್ಖಾನೆಗಳು ಕಲಿತವು. ಅದೇ ಜಾತಿಯ ತಂತಿ ಎಂಆರ್‌ಐ ಯಂತ್ರದೊಳಗೆ ಬಂತು. ಹೋದ ವರ್ಷ ಅಮ್ಮನನ್ನು ಸ್ಕ್ಯಾನ್‌ಗೆ ಕರೆದುಕೊಂಡು ಹೋಗಿ ಹೊರಗೆ ಕೂತಿದ್ದಾಗ ನನಗೆ ನೆನಪಾಗಿದ್ದು ಇದೇ. ನಮ್ಮ ಆಸ್ಪತ್ರೆಗಳ ಎಂಆರ್‌ಐಗಳು ಬಹುಪಾಲು ಹೊರದೇಶದವು.

ಹೊಸ ಸುರಂಗದ ಎರಡನೇ ಹಂತಕ್ಕೆ ಎಲ್‌ಎಚ್‌ಸಿಗಿಂತ ಬಹಳ ಬಲಶಾಲಿ ಆಯಸ್ಕಾಂತ ಬೇಕು. ಅದನ್ನು ರೂಪಿಸಲು ಇನ್ನೂ ದಶಕಗಳ ಕೆಲಸವಿದೆ. ಭಾರತ ಕೈಜೋಡಿಸುವುದಾದರೆ ಬರೀ ಚೆಕ್ ಬರೆಯಬಾರದು, ಆರ್ಡರ್ ಮುಗಿಸಿ ಕೈ ತೊಳೆದುಕೊಳ್ಳಲೂ ಬಾರದು. ವಿನ್ಯಾಸದ ಮೇಜಿನಲ್ಲೇ ನಮ್ಮ ಎಂಜಿನಿಯರ್‌ಗಳು ಕೂರಬೇಕು, ಕಲಿತಿದ್ದು ಇಲ್ಲಿನ ಎಂಆರ್‌ಐ ತಯಾರಿಕೆಗೆ ಹರಿಯಬೇಕು. ಈ ಷರತ್ತನ್ನು ಸಹಿ ಹಾಕುವ ಮೊದಲೇ ಇಡಬೇಕು. ಆಮೇಲೆ ಕೇಳಿದರೆ ಯಾರೂ ಕೊಡಲ್ಲ.